ನಾಲ್ಕು ಎಳೆ

ಶನಿವಾರದಿಂದ ಕಣ್ಣು ಮುಚ್ಚಿದರೆ ಆ ನಾಲ್ಕು ಎಳೆಗಳೇ ಕಾಣುತ್ತಿವೆ. 19 ಎಳೆ ಸೇರಿಸಿ ಹೊಸೆದ ಸ್ಟೀಲ್ ತಂತಿ. ಅದರಲ್ಲಿ ನಾಲ್ಕು ತುಂಡಾಗಿ, ಹೊರಕ್ಕೆ ಬಾಗಿ, ಜಾಲಿಮುಳ್ಳಿನ ಹಾಗೆ ನಿಂತಿದ್ದವು. ಉಳಿದ ಹದಿನೈದನ್ನು ನಂಬಿಕೊಂಡು ನಮ್ಮ ಹಾಯಿದೋಣಿಯ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಎಷ್ಟು ದಿನದಿಂದ ನಿಂತಿತ್ತೋ ಏನೋ. ಹೋದ ಆಗಸ್ಟ್‌ನಲ್ಲಿ ಅದರ ಹಿಂದೆಯೇ ಮಗಳು ಕಾಲು ಚಾಚಿಕೊಂಡು ಚಿಪ್ಸ್ ತಿನ್ನುತ್ತಿದ್ದಳು.

ನಮ್ಮದು ಹಳೇ ದೋಣಿ. 1979ರ ಕ್ಯಾಟಲೀನಾ 27. ಈ ಮಾದರಿಯನ್ನು 1971ರಿಂದ ಆರು ಸಾವಿರಕ್ಕೂ ಹೆಚ್ಚು ತಯಾರಿಸಿದ್ದಾರೆ. ಹಾಗಾಗಿ ಹಳೇದು ಒಳ್ಳೆ ಸೈಕಲ್ ಬೆಲೆಗೆ ಸಿಗುತ್ತೆ. ಸಿಕ್ಕಿತು ಅಂತ ತಗೊಂಡೆ. ಅಲಮೀಡದಲ್ಲಿ ನಿಲ್ಲಿಸಿದ್ದೇವೆ, ಓಕ್ಲೆಂಡ್ ಪಕ್ಕದ ನೀರಿನಲ್ಲಿ. ಕುಂದಾಪುರದ ಕಡೆಯವನು ನಾನು. ಸಮುದ್ರದ ಸದ್ದು ಕೇಳಿಕೊಂಡೇ ಬೆಳೆದವನು ಹಾಯಿ ಬಿಚ್ಚುವುದನ್ನು ಕಲಿತದ್ದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ, 38ನೇ ವಯಸ್ಸಿನಲ್ಲಿ, ದುಡ್ಡು ಕೊಟ್ಟು ಕ್ಲಾಸಿಗೆ ಹೋಗಿ.

ಕೂವೆಮರವನ್ನು ನಿಲ್ಲಿಸಿರುವುದು ಎಂಟು ತಂತಿಗಳು. ಮುಂದೆ ಒಂದು, ಹಿಂದೆ ಒಂದು, ಎರಡೂ ಪಕ್ಕಕ್ಕೆ ಮೂರು ಮೂರು. ಐದು ಮಿಲಿಮೀಟರ್‌ಗೂ ಕಮ್ಮಿ ದಪ್ಪ, ಆದರೆ ಒಂದೊಂದೂ ಹೆಚ್ಚುಕಮ್ಮಿ 1,800 ಕಿಲೋ ಎಳೆತ ತಡೆಯುತ್ತೆ. ಹೊಸದಾಗಿದ್ದಾಗ. ಉಪ್ಪುನೀರಿನಲ್ಲಿ ಹತ್ತರಿಂದ ಹದಿನೈದು ವರ್ಷಕ್ಕೆ ಬದಲಿಸಿಬಿಡಿ ಅಂತ ಬಲ್ಲವರು ಹೇಳುತ್ತಾರೆ. ನಮಗೆ ಮಾರಿದ ಪುಣ್ಯಾತ್ಮ ‘ಎಲ್ಲ ಈಚೆಗೆ ಬದಲಿಸಿದ್ದು’ ಅಂದಿದ್ದ. ಇನ್ಶೂರೆನ್ಸ್‌ನವರು ಯಾವ ವರ್ಷ ಅಂತ ಕೇಳಿದಾಗ ದೋಣಿಯ ಜೊತೆ ಬಂದ ಫೈಲ್ ತೆಗೆದು ನೋಡಿದೆ. ರಸೀದಿ ಇತ್ತು. 2003! ಅವನು ಸುಳ್ಳ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಎಪ್ಪತ್ತು ದಾಟಿದವರಿಗೆ 2003 ಈಚೆಗೇ. ಆದರೆ ತೂತಾದ ಹಾಸಿಗೆಯನ್ನೂ ‘ಹೊಸದು’ ಅಂದಿದ್ದ, ಅದು ಮಾತ್ರ ಸುಳ್ಳು.

ತಿಂಗಳ ಕೆಳಗೆ ಒಬ್ಬ ರಿಗ್ಗರ್‌ನನ್ನು ಕರೆಸಿದೆ. ಈ ತಂತಿಗಳ ಕೆಲಸವನ್ನೇ ಜೀವನವಿಡೀ ಮಾಡಿದ ಮುದುಕ. ಮಾತು ಕಮ್ಮಿ. ಜೇಬಿನಿಂದ ಟಿಶ್ಯೂ ಪೇಪರ್ ತೆಗೆದು ತಂತಿಗೆ ಸುತ್ತಿ, ಮೇಲಿಂದ ಕೆಳಗೆ ಜಾರಿಸಿಕೊಂಡು ಬಂದ. ಎಲ್ಲಾದರೂ ಎಳೆ ತುಂಡಾಗಿದ್ದರೆ ಪೇಪರ್ ಸಿಕ್ಕಿಕೊಳ್ಳುತ್ತೆ. ಆಮೇಲೆ ತಂತಿಯ ತುದಿಯಲ್ಲಿ ಒತ್ತಿ ಕೂರಿಸಿದ ಸ್ಟೀಲ್ ಕೊಳವೆಗಳಿಗೆ ಕೆಂಪು ಬಣ್ಣ ಹಚ್ಚಿದ, ಒರೆಸಿದ, ಅದರ ಮೇಲೆ ಬಿಳಿ ಪುಡಿ ಸ್ಪ್ರೇ ಮಾಡಿದ. ಸ್ವಲ್ಪ ಹೊತ್ತಿಗೆ ಎರಡು ಕೊಳವೆಗಳಲ್ಲಿ ಕೂದಲಿನಂಥ ಕೆಂಪು ಗೆರೆ ಎದ್ದು ಬಂತು. ಬಿರುಕು. ಎರಡೂ ಕೆಳತುದಿಯವು. ಕೆಳಗಿನ ಕೊಳವೆಯ ಬಾಯಿ ಮೇಲಕ್ಕಿರುತ್ತೆ, ಲೋಟದ ಹಾಗೆ. ಉಪ್ಪುನೀರು ತಂತಿಗುಂಟ ಇಳಿದು ಅದರೊಳಗೆ ಕೂತುಬಿಡುತ್ತೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯಲ್ಲ ಅನ್ನುವುದು ಗಾಳಿ ಆಡುವ ತನಕ ಮಾತ್ರ. ಗಾಳಿ ಇಲ್ಲದ ಸಂದಿಯಲ್ಲಿ ಅದೂ ಒಳಗೊಳಗೇ ಕೊಳೆಯುತ್ತೆ, ಹೊರಗೆ ಫಳಫಳ ಹೊಳೆಯುತ್ತಲೇ ಇರುತ್ತೆ.

ನಾನು ನಮ್ಮೂರ ಬುದ್ಧಿ ಬಿಡಲಿಲ್ಲ. ‘ಹಾಗಾದರೆ ಈ ಎರಡನ್ನು ಬದಲಿಸಿದರೆ ಸಾಕಲ್ಲ?’ ಅಂದೆ. ಅವನು ಉತ್ತರಿಸಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ‘ಮುಂದಿನ ತಂತಿಯಂತೂ ಚೆನ್ನಾಗಿಯೇ ಇರುತ್ತೆ. ಅಲ್ಯುಮಿನಿಯಂ ಕೊಳವೆಯೊಳಗೆ ಇದೆ. ಮಳೆ ಬಿಸಿಲು ತಾಗಲ್ಲ.’ ಮುಂದಿನ ಹಾಯಿಯನ್ನು ಚಾಪೆಯ ಹಾಗೆ ಸುತ್ತಿಡುವ ಫರ್ಲರ್ ಆ ತಂತಿಯ ಸುತ್ತಲೇ ಕೂತಿದೆ. ಅದನ್ನು ಬಿಚ್ಚುವುದು ದೊಡ್ಡ ರಗಳೆ.

ಆಗ ಅವನು ಬಣ್ಣ ಒರೆಸುತ್ತಾ ಅಂದ: ‘ಕೆಟ್ಟಿರೋದು ಯಾವುದು ಅಂತ ಹೇಳಬಲ್ಲೆ. ಚೆನ್ನಾಗಿರೋದು ಯಾವುದು ಅಂತ ಹೇಳೋಕಾಗಲ್ಲ.’

ಅಷ್ಟೇ. ಡಬ್ಬಿ ಮುಚ್ಚಿ ಹೋದ.

ಜಾಸ್ತಿ ದುಡ್ಡು ಕೀಳುವ ಮಾತು ಅಂತ ಆ ದಿನ ಅಂದುಕೊಂಡೆ. ಪಕ್ಕದ ದೋಣಿಯವನೂ ಅದನ್ನೇ ಅಂದ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರೀನಾದ ಎಲ್ಲರಿಗೂ ಸಲಹೆ ಕೊಡುತ್ತಾನೆ, ಅವನ ದೋಣಿ ಮಾತ್ರ ಕಟ್ಟಿದ ಜಾಗದಿಂದ ಕದಲಿದ್ದನ್ನು ನಾನು ನೋಡಿಲ್ಲ. ಅಂಥವನು ನನ್ನ ಪರ ಮಾತಾಡಿದ್ದಕ್ಕೇ ನನಗೆ ಅನುಮಾನ ಬಂತು. ಇನ್ನೊಂದು ಕಾರಣವೂ ಇದೆ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ‘ಟೆಸ್ಟ್ ಎಲ್ಲ ಪಾಸ್ ಆಗಿದೆಯಲ್ಲ, ಇನ್ನೇನು ಭಯ?’ ಅಂತ ಮ್ಯಾನೇಜರ್ ಕೇಳಿದಾಗೆಲ್ಲ ನಾನೂ ಇದನ್ನೇ ಹೇಳಿದ್ದೇನೆ. ತಪ್ಪು ಇದ್ದರೆ ತೋರಿಸಬಹುದು, ತಪ್ಪಿಲ್ಲ ಅಂತ ತೋರಿಸಲಾಗದು ಅಂತ. ಹೇಳುವಾಗ ಎಷ್ಟು ಗತ್ತು! ಈಗ ದುಡ್ಡು ನನ್ನ ಜೇಬಿನದು. ನಾನೇ ಆ ಮ್ಯಾನೇಜರ್ ಆಗಿದ್ದೆ.

ಎಂಟನ್ನೂ ಬದಲಿಸುವುದು ಅಂತ ಆಯಿತು. ಈ ಶನಿವಾರ ಬೆಳಿಗ್ಗೆ ಕ್ರೇನ್ ಬಂತು. ಕೂವೆಮರ ಎತ್ತಿದಾಗ ಅದರ ಬುಡದಲ್ಲಿ ಹಸಿರು ಹಿಡಿದ ಒಂದು ಪೆನ್ನಿ ಅಂಟಿಕೊಂಡಿತ್ತು. ಕೂವೆಮರದ ಬುಡದಲ್ಲಿ ನಾಣ್ಯ ಇಡುವುದು ಹಳೇ ಪದ್ಧತಿ. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಹತ್ತಿರ ಥೇಮ್ಸ್ ಕೆಸರಿನಲ್ಲಿ ಸಿಕ್ಕ ರೋಮನ್ ಹಡಗಿನಲ್ಲೂ ಕೂವೆಮರದ ಗುಣಿಯಲ್ಲಿ ಒಂದು ನಾಣ್ಯ ಇತ್ತಂತೆ, ಚಕ್ರವರ್ತಿ ಡೊಮಿಷಿಯನ್ ಕಾಲದ್ದು. ನಮ್ಮಲ್ಲಿ ಹೊಸಿಲ ಕೆಳಗೆ ಕಾಸು ಇಡಲ್ವಾ, ಹಾಗೆ. ಪೆನ್ನಿಯನ್ನು ಮಗಳು ಎತ್ತಿಟ್ಟುಕೊಂಡಿದ್ದಾಳೆ. ಮುಂದಿನ ವಾರ ಅದರ ಜೊತೆ ಒಂದು ಎರಡು ರೂಪಾಯಿಯ ನಾಣ್ಯವೂ ಸೇರುತ್ತೆ.

ಆಮೇಲೆ ಫರ್ಲರ್ ಬಿಚ್ಚಿದೆವು. ಮುದುಕ ಅಲ್ಯುಮಿನಿಯಂ ತುಂಡುಗಳನ್ನು ಒಂದೊಂದೇ ಎಳೆದ. ತಂತಿ ಹೊಳೆಯುತ್ತಲೇ ಹೊರಗೆ ಬರುತ್ತಿತ್ತು. ಅರ್ಧ ಬಂತು, ಏನಿಲ್ಲ. ಮುಕ್ಕಾಲು ಬಂತು, ಏನಿಲ್ಲ. ನನಗೆ ಒಳಗೊಳಗೇ ಒಂದು ಗೆಲುವು, ನಾಚಿಕೆಗೇಡಿನ ಗೆಲುವು. ‘ನೋಡಿದೆಯಾ’ ಅಂತ ಹೇಳಲು ಬಾಯಿ ತೆರೆದಿದ್ದೆ. ಮೇಲ್ತುದಿಗೆ ಒಂದು ಗೇಣು ಇದೆ ಅನ್ನುವಾಗ ಕೊನೆಯ ತುಂಡು ಸಿಕ್ಕಿಕೊಂಡಿತು. ಅವನು ಸ್ವಲ್ಪ ತಿರುಗಿಸಿ ಎಳೆದ. ನಾಲ್ಕು ಮುಳ್ಳು.

ಅವನು ಏನೂ ಅನ್ನಲಿಲ್ಲ. ಬೈದಿದ್ದರೆ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ತಂತಿ ಹರಿದರೆ ಕೂವೆಮರ ಹಿಂದಕ್ಕೆ ಬೀಳುತ್ತೆ. ಹಿಂದೆ ಕೂತಿರುವವರು ನಾವು. ಇಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು, ಗೋಲ್ಡನ್ ಗೇಟ್ ಸಂದಿಯಿಂದ ಸಮುದ್ರದ ಗಾಳಿ ನುಗ್ಗುತ್ತೆ. 20, 25 ನಾಟ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗ, ದಿನವೂ ಇದ್ದದ್ದೇ. ಆ ಗಾಳಿಯಲ್ಲೇ ನಾವು ಓಡಾಡಿದ್ದು.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಅವರ ಕುಂದಾಪುರ ಕನ್ನಡವನ್ನು ಇಲ್ಲಿ ಹಾಗೇ ಬರೆದರೆ ಅರ್ಧ ಜನಕ್ಕೆ ಅರ್ಥವಾಗಲ್ಲ, ಹಾಗಾಗಿ ಸಾರಾಂಶ. ಅವರು ಚಿಕ್ಕವರಿದ್ದಾಗ ಹಂಚು ಹೇರಿಕೊಂಡು ಹೋಗುವ ಮಂಜಿಗಳನ್ನು ನೋಡಿದವರು. ಮಂಜಿ ಅಂದರೆ ನಮ್ಮ ಕರಾವಳಿಯ ಹಾಯಿ ಹಡಗು. ಅದರಲ್ಲಿ ಕಟ್ಟುತ್ತಿದ್ದದ್ದು ಕತ್ತದ ಹಗ್ಗ. ಕತ್ತದ ಹಗ್ಗ ಹಳೇದಾದರೆ ಜುಂಗು ಏಳುತ್ತೆ, ಬಣ್ಣ ಕಪ್ಪಾಗುತ್ತೆ, ಕೈಗೆ ಪುಡಿ ಹತ್ತುತ್ತೆ. ‘ಹಗ್ಗ ಹೇಳಿ ಹೋಗುತ್ತೆ. ನಿನ್ನ ತಂತಿ ಹೇಳದೇ ಹೋಗುತ್ತೆ’ ಅಂದರು.

ಮಾತು ಚೆನ್ನಾಗಿತ್ತು. ಎರಡು ದಿನ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಮ್ಮ ಮನೆ ಹಂಚು ಒಡೆದರೆ ಮಳೆ ಹನಿ ತಲೆ ಮೇಲೆ ಬೀಳುತ್ತಿತ್ತು. ಬಾವಿ ಹಗ್ಗ ಸವೆದರೆ ಅಂಗೈಗೆ ಚುಚ್ಚುತ್ತಿತ್ತು. ಅಂಥಲ್ಲಿ ಬೆಳೆದವನಿಗೆ ಸುಮ್ನೆ ಹೊಳೆಯುವ ವಸ್ತುವನ್ನು ಅನುಮಾನಿಸುವುದು ಹೇಗೆ ಗೊತ್ತಾಗಬೇಕು? ಹೀಗೆಲ್ಲ.

ಸೋಮವಾರ ಮುದುಕನಿಗೆ ಫೋನ್ ಮಾಡಿ ಕೇಳಿದೆ, ಅಲ್ಲಿ ಯಾಕೆ ತುಂಡಾಯಿತು ಅಂತ. ಹಾಯಿ ಸುತ್ತುವಾಗ ಅದನ್ನು ಮೇಲೆತ್ತುವ ಹಗ್ಗ ತುದಿಯಲ್ಲಿ ಸಿಕ್ಕಿಕೊಂಡರೆ ತಂತಿಯ ಹೊಸೆತವೇ ಬಿಚ್ಚಿಕೊಳ್ಳುತ್ತೆ ಅಂದ. ‘ಯಾವಾಗಲಾದರೂ ಫರ್ಲರ್ ಗಟ್ಟಿಯಾಗಿತ್ತಾ?’

ಆಗಿತ್ತು. ಹೋದ ಬೇಸಿಗೆಯಲ್ಲಿ ನಾಲ್ಕೈದು ಸಲ. ಬರುವುದಿಲ್ಲ ಅಂದಾಗ ಫರ್ಲರಿನ ಹಗ್ಗವನ್ನು ವಿಂಚಿಗೆ, ಅಂದರೆ ಹಗ್ಗ ಎಳೆಯುವ ಉರುಳೆಗೆ, ಸುತ್ತಿ, ಹಿಡಿಕೆ ಹಾಕಿ ಎಳೆದಿದ್ದೆ. ಎಳೆದಾಗ ಬಂತು. ಬಂತಲ್ಲ ಅಂತ ಖುಷಿಪಟ್ಟಿದ್ದೆ. ಅಂದರೆ ತಂತಿ ಹೇಳಿತ್ತು. ಅಪ್ಪಯ್ಯನ ಚೆಂದದ ಮಾತು ನನ್ನ ದೋಣಿಯ ಮಟ್ಟಿಗೆ ಸುಳ್ಳು. ಅವರಿಗೆ ಇದನ್ನು ಇನ್ನೂ ಹೇಳಿಲ್ಲ.

ಈ ವಾರ ಸಂಜೆಗಳಲ್ಲಿ ಊಟದ ಮೇಜಿನ ಮೇಲೆ ಹೊಸ ತಂತಿಗಳು. ಮೇಲ್ತುದಿಯನ್ನು ಅಂಗಡಿಯವರೇ ಮೆಷಿನ್ನಿನಲ್ಲಿ ಒತ್ತಿ ಕೊಟ್ಟಿದ್ದಾರೆ. ಕೆಳತುದಿ ನನ್ನದು, ಎರಡು ಸ್ಪ್ಯಾನರಿನಲ್ಲಿ ಆಗುವ ಬಗೆಯದು. ಹೊರಗಿನ 12 ಎಳೆ ಬಿಡಿಸಬೇಕು. ಒಳಗಿನ ಏಳರ ಮೇಲೆ ಒಂದು ಪುಟ್ಟ ಶಂಕು ಏರಿಸಬೇಕು. ಹನ್ನೆರಡನ್ನೂ ಅದರ ಸುತ್ತ ಸಮನಾಗಿ ಕೂರಿಸಿ, ಸೀಲಂಟ್ ತುಂಬಿ, ಬಿಗಿಯಬೇಕು. ಹನ್ನೊಂದು ಕೂರುತ್ತವೆ. ಹನ್ನೆರಡನೆಯದು ಯಾವಾಗಲೂ ಜಗಳಗಂಟಿ. ಮೊದಲನೆಯದಕ್ಕೆ ಒಂದೂವರೆ ಗಂಟೆ ಹಿಡಿಯಿತು, ಬೆರಳಿನಲ್ಲಿ ರಕ್ತ. ನಾಲ್ಕನೆಯದಕ್ಕೆ ಇಪ್ಪತ್ತು ನಿಮಿಷ. ಬಿಗಿದಾದ ಮೇಲೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಒಳಗೆ ಎಳೆಗಳು ನೆಟ್ಟಗೆ ಕೂತಿವೆಯಾ ಅಂತ ನೋಡಲು ಎರಡನ್ನು ಮತ್ತೆ ಬಿಚ್ಚಿದೆ. ಹೆಂಡತಿ ಪಲ್ಯದ ಬಾಣಲೆ ಹಿಡಿದು ನಿಂತು, ‘ಮೇಜು ಬಿಟ್ಟುಕೊಡ್ತೀರಾ, ಇಲ್ಲ ದೋಣಿಯಲ್ಲೇ ಊಟಾನಾ?’ ಅಂದಳು.

ನಿನ್ನೆ ಅಪ್ಪಯ್ಯ ಮತ್ತೆ ಫೋನ್ ಮಾಡಿದ್ದರು. ಹಳೇ ತಂತಿ ಏನು ಮಾಡ್ತಿ ಅಂತ ಕೇಳಿದರು. ಗುಜರಿಗೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ‘ಡಿಸೆಂಬರಿಗೆ ಬರುವಾಗ ಒಂದು ತಾ. ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಆಗುತ್ತೆ.’

ಅದರಲ್ಲಿ ಬಿರುಕಿದೆ ಅಂದೆ.

‘ಪಂಚೆಗೆ ಎಂತ ಭಾರ ಮಗಾ’ ಅಂದರು.

ಮುಂದಿನದನ್ನು ಬಿಟ್ಟು, ಪಕ್ಕದ ಒಂದನ್ನು ಸುರುಳಿ ಸುತ್ತಿ ಗರಾಜಿನಲ್ಲಿ ಇಟ್ಟಿದ್ದೇನೆ. ಹೆಂಡತಿಗೆ ಹೇಳಿಲ್ಲ. ಸೂಟ್‌ಕೇಸಿನ ತೂಕ ನೋಡುವಾಗ ಹೇಗೂ ಗೊತ್ತಾಗುತ್ತೆ.