ಹಳೇ ಮಾರ್ಕ್ಸ್ ಕಾರ್ಡ್ ಬೇಕಂತೆ

ಎಡಿಎಚ್‌ಡಿ ಅಂದರೆ ಗಮನ ನಿಲ್ಲದ ಅಥವಾ ಅತಿಯಾಗಿ ಚಡಪಡಿಸುವ ತೊಂದರೆ. ಅದರ ಪತ್ತೆಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಬರೀ ಕೇಳುವುದು, ನೋಡುವುದು. ಮಗನನ್ನು ತೋರಿಸಿದಾಗ ಡಾಕ್ಟರ್ ನಮಗೊಂದು ಫಾರಂ ಕೊಟ್ಟರು, ಅವನ ಟೀಚರಿಗೆ ಇನ್ನೊಂದು. ಮನೆಯಲ್ಲಿ ಮಾತ್ರ ಕುಣಿದರೆ ಸಾಲದು, ಶಾಲೆಯಲ್ಲೂ ಕಾಣಬೇಕು, ಅದೂ ಕನಿಷ್ಠ 6 ತಿಂಗಳಿಂದ. ಕಿವಿ, ಕಣ್ಣು, ನಿದ್ದೆ ಎಲ್ಲ ವಿಚಾರಿಸಿದರು. ಸರಿಯಾಗಿ ಕೇಳಿಸದ ಮಗುವೂ ಗಮನ ಇಲ್ಲದಂತೆಯೇ ಕಾಣುತ್ತೆ, ಅಲ್ವಾ?

ಫಾರಂ ತುಂಬುತ್ತಾ ನನ್ನ ಮೇಲೇ ಅನುಮಾನ ಬಂತು. ಗ್ಯಾಸ್ ಮೇಲೆ ಹಾಲಿಟ್ಟು, ಬಟ್ಟೆ ಮಡಚಲು ಹೋಗಿ, ಜೇಬಲ್ಲಿ ಸಿಕ್ಕ ಹಳೇ ಬಿಲ್ ಓದುತ್ತಾ ಕೂರುವವಳು ನಾನು. ಸೀದ ವಾಸನೆ ಬಂದಾಗಲೇ ಹಾಲಿನ ನೆನಪು.

ಮನೋವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5 ಪ್ರಕಾರ, ಗಮನ ಕೊರತೆಯ 9 ಲಕ್ಷಣಗಳಲ್ಲಿ ಮಕ್ಕಳಿಗೆ ಕನಿಷ್ಠ 6 ಇರಬೇಕು, 17 ತುಂಬಿದವರಿಗೆ 5. ಅವು ಬದುಕಿಗೆ ಅಡ್ಡಿಯೂ ಆಗಿರಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು. ಅದಕ್ಕೇ ಡಾಕ್ಟರ್ ನನ್ನ ಹಳೇ ಮಾರ್ಕ್ಸ್ ಕಾರ್ಡ್ ಕೇಳಿದ್ದು. ಅಮ್ಮ ಟ್ರಂಕಿನಿಂದ ತೆಗೆದುಕೊಟ್ಟರು. ನಾಲ್ಕನೇ ಕ್ಲಾಸಿನದರಲ್ಲಿ ಕೆಂಪು ಶಾಯಿ: ‘ಜಾಣೆ. ಆದರೆ ಗಮನ ಎಲ್ಲೋ ಇರುತ್ತದೆ.’ ಗಲಾಟೆ ಮಾಡದ ಹುಡುಗಿಯರನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ ಬಿಡಿ.

‘ಇದಕ್ಕೆಲ್ಲ ಡಾಕ್ಟರ್ ಬೇಕಾ? ನಿಮ್ಮಪ್ಪಂದೂ ಇದೇ ಕತೆ’ ಅಂದರು ಅಮ್ಮ. ಡಾಕ್ಟರ್ ಅದನ್ನೂ ಬರೆದುಕೊಂಡರು. ಇದು ವಂಶದಲ್ಲಿ ಬರುವುದೇ ಜಾಸ್ತಿ.