ತೋಳಿನ ಮೇಲಿನ ರವೆ

ಜನವರಿ 11, 2025, ಶನಿವಾರ, ಮೈಸೂರು

ಬೆಳಿಗ್ಗೆ ಬಚ್ಚಲಲ್ಲಿ ಕಿರುಚಾಟ. ಹೋಗಿ ನೋಡಿದರೆ ಅಮ್ಮ ಪುಟ್ಟಿಯ ತೋಳು ಹಿಡಿದು ಹೀರೆನಾರಿನಲ್ಲಿ ಗಸಗಸ ಉಜ್ಜುತ್ತಿದ್ದಾಳೆ. "ಮಗೂಗೆ ನೆಟ್ಟಗೆ ಸ್ನಾನ ಮಾಡಿಸಲ್ಲ ನೀನು. ನೋಡಿಲ್ಲಿ, ರವೆ ಚೆಲ್ಲಿದ ಹಾಗಿದೆ!"

ನೋಡಿದೆ. ಅದೇ ರವೆ. ನನ್ನ ತೋಳಿನದ್ದೇ.

ಮೂವತ್ತು ವರ್ಷದ ಹಿಂದೆ ಹೀಗೇ ಉಜ್ಜಿಸಿಕೊಂಡವಳು ನಾನು. ಉಷ್ಣ ಅಂತ ಒಬ್ಬರು, ಎಣ್ಣೆ ತಿಂಡಿ ಅಂತ ಇನ್ನೊಬ್ಬರು. ಕಡಲೆಹಿಟ್ಟು, ಎಳನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಮದುವೆಗೆ ಮುಂಚೆ ಪಾರ್ಲರ್‌ನವಳು ಸ್ಕ್ರಬ್ ಹಾಕಿ ತಿಕ್ಕಿದ್ದಕ್ಕೆ ತೋಳು ಕೆಂಪಾಗಿ, ಆಮೇಲೆ ಚುಕ್ಕಿ ಚುಕ್ಕಿ ಕಪ್ಪು ಕಲೆ ಉಳಿಯಿತು. ಆರತಕ್ಷತೆಗೆ ಉದ್ದ ತೋಳಿನ ರವಿಕೆ.

ಎರಡು ವರ್ಷದ ಹಿಂದೆ ಚರ್ಮದ ಡಾಕ್ಟರು ಅರ್ಧ ನಿಮಿಷ ನೋಡಿ ಹೆಸರು ಹೇಳಿದರು: ಕೆರಟೋಸಿಸ್ ಪಿಲಾರಿಸ್. ಚರ್ಮದ್ದೇ ಕೆರಟಿನ್ ಅನ್ನುವ ಗಟ್ಟಿ ಪ್ರೋಟೀನು ಕೂದಲ ಬುಡದಲ್ಲಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದಂತೆ. ಕೊಳೆಯಲ್ಲ, ಅಂಟುರೋಗವಲ್ಲ. ವಂಶದಲ್ಲಿ ಬರುತ್ತದೆ, ಹರೆಯದಲ್ಲಿ ಜಾಸ್ತಿ, ವಯಸ್ಸಾದಂತೆ ಎಷ್ಟೋ ಜನಕ್ಕೆ ತಾನೇ ಇಳಿಯುತ್ತದೆ. ಒಣಹವೆಗೆ ಕೆರಳುತ್ತದೆ, ಧನುರ್ಮಾಸದಲ್ಲಿ ನನ್ನ ತೋಳು ತೆಂಗಿನ ತುರಿಮಣೆ ಆಗುವುದು ಯಾಕೆಂದು ಆವತ್ತು ತಿಳಿಯಿತು.

ಮದ್ದು ಅಂದರೆ ಸೋಮಾರಿಗಳಿಗೆ ಆಗದ್ದು. ಹಬೆಯಾಡುವ ನೀರು ಬೇಡ, ಉಗುರುಬೆಚ್ಚಗೆ ಸಾಕು. ಒರೆಸುವಾಗ ಟವೆಲ್ ಒತ್ತಬೇಕು, ಎಳೆಯಬಾರದು. ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಶೇಕಡಾ 10 ಯೂರಿಯಾ ಇರುವ ಕ್ರೀಮು. ಲ್ಯಾಕ್ಟಿಕ್ ಆಸಿಡ್‌ದೂ ತಂದಿದ್ದೆ. ಕೆರೆದುಕೊಂಡ ಜಾಗಕ್ಕೆ ತಾಗಿದಾಗ ಚುರ್ ಅಂದದ್ದು ಇನ್ನೂ ನೆನಪಿದೆ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಆರನೇ ವಾರ ಬಸ್ಸಲ್ಲಿ ಸುಮ್ಮನೆ ತೋಳು ಸವರಿಕೊಂಡೆ, ನುಣುಪು! ಮತ್ತೆ ಮತ್ತೆ ಸವರಿಕೊಂಡೆ, ಪಕ್ಕದವರು ಚಳಿ ಅಂದುಕೊಂಡಿರಬೇಕು. ಆ ಖುಷಿಗೆ ಹಚ್ಚುವುದನ್ನೇ ಬಿಟ್ಟೆ. ದೀಪಾವಳಿ ಹೊತ್ತಿಗೆ ರವೆ ವಾಪಸ್. ಈಗ ಹಲ್ಲುಜ್ಜುವ ಲೆಕ್ಕಕ್ಕೆ ಸೇರಿಸಿದ್ದೇನೆ. ಕಲೆ ಮಾತ್ರ ಪೂರ್ತಿ ಹೋಗಿಲ್ಲ. ಅದು ಉಜ್ಜಿದ್ದರ ಫಲ.

ಪುಟ್ಟಿಗೆ ನನ್ನ ಕ್ರೀಮು ಹಚ್ಚಲಿಲ್ಲ. ಡಾಕ್ಟರಿಗೆ ತೋರಿಸುವ ತನಕ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಸಾಕು. ಅವಳಿಗೆ ತುರಿಕೆಯೂ ಇಲ್ಲ, ಚಿಂತೆಯೂ ಇಲ್ಲ. ಚಿಂತೆ ಏನಿದ್ದರೂ ನಮ್ಮದು.

ಮಧ್ಯಾಹ್ನ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ವಂಶದ ಮಾತು ಬಂದದ್ದೇ ಕೈ ನಿಂತಿತು.

"ನಂಗೂ ಇತ್ತು ಕಣೇ, ಮದುವೆಗೆ ಮುಂಚೆ. ನಮ್ಮಮ್ಮ ಇಟ್ಟಿಗೆ ಚೂರಲ್ಲಿ ಉಜ್ಜೋಳು."

ಸ್ವಲ್ಪ ಹೊತ್ತು ಕೊಬ್ಬರಿ ಹೆಚ್ಚಿದಳು. ಆಮೇಲೆ ಕೇಳಿದಳು, "ಆ ಕ್ರೀಮು ಒಡೆದ ಹಿಮ್ಮಡಿಗೂ ಆಗುತ್ತಾ?"

ಆಗುತ್ತದೆ. ರಾತ್ರಿ ನೋಡಿದರೆ ಟ್ಯೂಬು ಅರ್ಧ ಖಾಲಿ.