ನೊಣದ ಕೋಣೆಯ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಅಂತ ಗೊತ್ತಾದ ಸಂಜೆ ನಮ್ಮ ಬ್ಯಾಚಿನವರೆಲ್ಲ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಅವರು ಬರೆಸಿದ ನೋಟ್ಸ್ ಒಬ್ಬರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ನೊಣದ ಮಾತೇ.

ಎಂ.ಎಸ್ಸಿ. ಮುಗಿದ ಮೇಲೆ ನಾನು ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲೇ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಉಳಿದೆ. ಕೆಲಸ ಡ್ರೊಸೊಫಿಲದ ಮೇಲೆ. ಬಾಳೆಹಣ್ಣು ಕಳಿತರೆ ಸಾಕು, ಎಲ್ಲಿಂದಲೋ ಬಂದು ಮುತ್ತಿಕೊಳ್ಳುತ್ತದಲ್ಲ, ಅದೇ ಪುಟ್ಟ ನೊಣ. ಈ ನೊಣದ ತಳಿಶಾಸ್ತ್ರದಲ್ಲಿ ಮೈಸೂರಿಗೆ ದೊಡ್ಡ ಹೆಸರಿದೆ. ಡ್ರೊಸೊಫಿಲ ಸ್ಟಾಕ್ ಸೆಂಟರ್ ಇರುವುದು ಇಲ್ಲೇ. ನಸೂಟ ಮತ್ತು ಆಲ್ಬೊಮಿಕಾನ್ಸ್ ಅಂತ ಈ ನೊಣದಲ್ಲೇ ಎರಡು ಹತ್ತಿರದ ಬಳಗಗಳಿವೆ; ಜೀನುಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮುಗಳು, ಮೊದಲನೆಯದಕ್ಕೆ 8, ಎರಡನೆಯದಕ್ಕೆ 6. ಇವೆರಡನ್ನು ಕೂಡಿಸಿ, ತಲೆಮಾರುಗಟ್ಟಲೆ ಸಾಕಿ, ಬಾಟಲಿಯೊಳಗೇ ಹೊಸ ಬಳಗಗಳು ಹುಟ್ಟುವುದನ್ನು ರಂಗನಾಥ್ ಮತ್ತು ರಾಮಚಂದ್ರ ಅವರು ತೋರಿಸಿಕೊಟ್ಟದ್ದೂ ಇಲ್ಲೇ. ಈಗ ಓದುತ್ತಿರುವವರಿಗೆ ಇದು ಗೊತ್ತಿರಬೇಕು.

ನಮ್ಮ ಮೇಷ್ಟ್ರದು ಒಂದೇ ಹಟ. ‘ಮೊದಲು ನೋಡಮ್ಮ, ಆಮೇಲೆ ಓದು.’ ಸೇರಿದ ವಾರವೇ ನನ್ನ ಕೈಗೆ ಎರಡು ಬಾಟಲಿ ಕೊಟ್ಟರು. ಒಂದರಲ್ಲಿ ಕೆಂಪು ಕಣ್ಣಿನ ಹೆಣ್ಣು, ಇನ್ನೊಂದರಲ್ಲಿ ಬಿಳಿ ಕಣ್ಣಿನ ಗಂಡು. ‘ಕೂಡಿಸು, ಮೊಮ್ಮಕ್ಕಳ ತನಕ ಎಣಿಸು, ಬಂದು ಹೇಳು’ ಅಂದರು, ಅಷ್ಟೇ. ಮೊದಲ ತಲೆಮಾರಿನಲ್ಲಿ ಎಲ್ಲವೂ ಕೆಂಪು ಕಣ್ಣು. ಎರಡನೆಯದರಲ್ಲಿ ಬಿಳಿ ಕಣ್ಣು ಮತ್ತೆ ಕಾಣಿಸಿಕೊಂಡವು, ಸುಮಾರು ನಾಲ್ಕಕ್ಕೆ ಒಂದು. ಬ್ರಷ್‌ನಿಂದ ಬಿಳಿ ಕಣ್ಣಿನವನ್ನು ಒಂದು ಕಡೆ ಸರಿಸುತ್ತಾ ಹೋದೆ. ಸರಿಸಿದ್ದೆಲ್ಲ ಗಂಡು. ಹೊಟ್ಟೆಯ ತುದಿ ಕಪ್ಪಗೆ, ಮುಂಗಾಲಿನಲ್ಲಿ ಪುಟ್ಟ ಕಪ್ಪು ಬಾಚಣಿಗೆ. ಒಂದೂ ಹೆಣ್ಣಿಲ್ಲ! 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ನೊಣದ ಕೋಣೆಯಲ್ಲಿ ಥಾಮಸ್ ಹಂಟ್ ಮಾರ್ಗನ್ ಕಂಡದ್ದು ಇದನ್ನೇ. ಆ ಕಣ್ಣಿನ ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಹಾಗಾಗಿ ಅದರಲ್ಲಿ ಬಿಳಿಯ ಜೀನು ಬಂದರೆ ಮುಚ್ಚಿಹಾಕಲು ಇನ್ನೊಂದಿಲ್ಲ. ಪುಸ್ತಕದಲ್ಲಿ ನಾನು ಇದನ್ನು ಎಷ್ಟೋ ಸಲ ಓದಿ ಪಾಸೂ ಆಗಿದ್ದೆ. ನಿಜವಾಗಿ ಗೊತ್ತಾದದ್ದು ಆವತ್ತು.

ಲ್ಯಾಬಿನಲ್ಲಿ ನನಗೆ ಇನ್ನೊಬ್ಬ ಗುರು ಇದ್ದರು. ನಮ್ಮ ಅಟೆಂಡರ್. ಎಲ್ಲರಿಗೂ ಅವರು ‘ಅಣ್ಣ’. ಬೆಳಿಗ್ಗೆ ನೊಣಗಳಿಗೆ ಅಡುಗೆ ಮಾಡುವವರು ಅವರೇ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 8 ಗ್ರಾಂ ಅಗರ್. ಕುದಿಸಿ ಇಳಿಸಿ, ಬೂಷ್ಟು ಹಿಡಿಯದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಬಿಸಿ ಇರುವಾಗಲೇ ಬಾಟಲಿಗೆ ಸುರಿದು, ಆರಿದ ಮೇಲೆ ಒಂದು ಹನಿ ಯೀಸ್ಟ್, ಬಾಯಿಗೆ ಹತ್ತಿ. ಈಥರ್ ಕೊಟ್ಟು ನೊಣ ಮಲಗಿಸುವುದನ್ನೂ ಅಣ್ಣನೇ ಕಲಿಸಿದ್ದು. ಜಾಸ್ತಿ ಆಯಿತೋ, ರೆಕ್ಕೆ ಸೆಟೆದು ನಿಂತುಬಿಡುತ್ತದೆ, ಆ ನೊಣ ಮತ್ತೆ ಏಳುವುದಿಲ್ಲ. ಅಣ್ಣ ಗಡಿಯಾರ ನೋಡುತ್ತಲೇ ಇರಲಿಲ್ಲ. ಕೊನೆಯ ನೊಣ ಬಿದ್ದದ್ದೇ ತಡ, ಬಿಳಿ ಟೈಲಿನ ಮೇಲೆ ಸುರಿದುಬಿಡುತ್ತಿದ್ದರು.

ನೊಣಕ್ಕೆ ಭಾನುವಾರ ಇಲ್ಲ, ಹಬ್ಬವೂ ಇಲ್ಲ. ಹೊಸ ನೊಣಗಳು ಕೋಶದಿಂದ ಹೆಚ್ಚಾಗಿ ಹೊರಬರುವುದು ನಸುಕಿನಲ್ಲಿ. ಹೆಣ್ಣು ಒಮ್ಮೆ ಗಂಡಿನ ಜೊತೆ ಕೂಡಿದರೆ ವೀರ್ಯವನ್ನು ಒಳಗೇ ಕಾಪಿಟ್ಟುಕೊಳ್ಳುತ್ತದೆ, ಆಮೇಲೆ ನಮ್ಮ ಲೆಕ್ಕವೆಲ್ಲ ಕೆಟ್ಟಂತೆ. ಅದಕ್ಕೇ ಹುಟ್ಟಿದ 8 ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡಬೇಕು. ಹಾಗಾಗಿ ಒಂದು ದಸರಾ ರಜೆಯಲ್ಲಿ ಊರೆಲ್ಲ ಜಂಬೂಸವಾರಿಗೆ ಹೊರಟಿದ್ದರೆ ನಾವು ಮೂವರು ಗೆಳತಿಯರು ಬೆಳಗಿನ ಜಾವವೇ ಲ್ಯಾಬಿನಲ್ಲಿದ್ದೆವು. ಮೆಸ್ ಮುಚ್ಚಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಕಣ್ಣೆದುರಿಗೆ ರವೆ, ಬೆಲ್ಲ, ಒಲೆ. ಹಾಸ್ಟೆಲಿನಿಂದ ಹೊಸ ಪಾತ್ರೆ, ತುಪ್ಪ, ಏಲಕ್ಕಿ ಬಂತು. ಸಜ್ಜಿಗೆ ಘಮ್ಮೆಂದು ಬೇಯುವ ಹೊತ್ತಿಗೆ ಬಾಗಿಲಲ್ಲಿ ಮೇಷ್ಟ್ರು!

ನಾವು ಸೌಟು ಹಿಡಿದು ಹಾಗೇ ನಿಂತೆವು. ಅವರು ಪಾತ್ರೆಯೊಳಗೆ ಬಗ್ಗಿ ನೋಡಿದರು. ‘ಅಗರ್, ಆಸಿಡ್ ಹಾಕಿಲ್ಲ ತಾನೇ?’ ಅಂದರು. ಇಲ್ಲ ಸರ್ ಅಂದೆವು. ‘ಹಾಗಾದರೆ ಇಲ್ಲಿ ಬೇಡ, ಆಚೆ ಮರದ ಕೆಳಗೆ ತಿನ್ನೋಣ ಬನ್ನಿ.’ ಅವತ್ತು ಸಂಪಿಗೆ ಮರದ ಕೆಳಗೆ ಕೂತು ಸ್ಟರ್ಟಿವೆಂಟ್ ಕಥೆ ಹೇಳಿದರು. ಮಾರ್ಗನ್ ಲ್ಯಾಬಿನಲ್ಲಿದ್ದ ಆ ಹುಡುಗ ಇನ್ನೂ ಡಿಗ್ರಿ ಓದುತ್ತಿದ್ದ. ಹೋಂವರ್ಕ್ ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಕ್ರೋಮೋಸೋಮಿನ ಮೇಲೆ ಯಾವ ಜೀನು ಎಲ್ಲಿದೆ ಅಂತ ತೋರಿಸುವ ಮೊದಲ ನಕ್ಷೆ ಮಾಡಿಬಿಟ್ಟ. ಅದು ಅಚ್ಚಾದದ್ದು 1913ರಲ್ಲಿ. ‘ನಿಮಗಿಂತ ಚಿಕ್ಕವನು ಕಣ್ರಮ್ಮ’ ಅಂತ ಮೇಷ್ಟ್ರು ಎರಡು ಸಲ ಹೇಳಿದರು.

ನನ್ನ ಕೈ ಪಳಗಿದ್ದು ಪಾಲಿಟೀನ್ ಕ್ರೋಮೋಸೋಮಿನ ಸ್ಲೈಡಿನಲ್ಲಿ. ಅಂದರೆ ನೊಣದ ಹುಳುವಿನ ಲಾಲಾಗ್ರಂಥಿಯಲ್ಲಿ ಸಿಗುವ, ಪಟ್ಟೆಪಟ್ಟೆಯ ದೈತ್ಯ ಕ್ರೋಮೋಸೋಮು. ಬಾಟಲಿಯ ಗೋಡೆ ಹತ್ತುವ ದಪ್ಪ ಲಾರ್ವಾ, ಅಂದರೆ ಹುಳು, ಆರಿಸಿ, ಸಲೈನ್ ಹನಿಯಲ್ಲಿಟ್ಟು, ಒಂದು ಸೂಜಿ ಬಾಯಿಯ ಕಪ್ಪು ಕೊಕ್ಕೆಯ ಮೇಲೆ, ಇನ್ನೊಂದು ಮೈಮೇಲೆ. ಮೆಲ್ಲಗೆ ಎಳೆದರೆ ತಲೆಯ ಜೊತೆ ಎರಡು ಲಾಲಾಗ್ರಂಥಿಗಳು ಗಾಜಿನಷ್ಟು ತಿಳಿಯಾಗಿ ಜಾರಿ ಬರುತ್ತವೆ. ಆರ್ಸೀನ್ ಬಣ್ಣ ಹಾಕಿ, ಮೇಲೆ ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರ್ ಸುತ್ತಿ ಹೆಬ್ಬೆರಳಿನಿಂದ ನೇರ ಒತ್ತಬೇಕು. ಬೆರಳು ಚೂರು ಜರುಗಿದರೂ ಸ್ಲೈಡ್ ಹಾಳು. ಒಂದು ದಿನ ನನ್ನ ಸ್ಲೈಡಿನಲ್ಲಿ ಕ್ರೋಮೋಸೋಮಿನ ಎಲ್ಲ ತೋಳುಗಳೂ ಬಿಚ್ಚಿಕೊಂಡು, ಜಮಖಾನದ ಪಟ್ಟೆಗಳ ಹಾಗೆ ಸ್ಪಷ್ಟವಾಗಿ ಹರಡಿಕೊಂಡಿದ್ದವು. ಮೇಷ್ಟ್ರು ಪಕ್ಕದ ಲ್ಯಾಬಿನವರನ್ನೂ ಕರೆದು ತೋರಿಸಿದರು. ಆಮೇಲೆ ಹೊಸದಾಗಿ ಬಂದವರಿಗೆ ಇದನ್ನು ಕಲಿಸುವ ಕೆಲಸ ನನ್ನದೇ ಆಯಿತು. ಇವತ್ತಿಗೂ ಅದು ನನಗೆ ಹೆಮ್ಮೆ.

ಈಚೆಗೆ ಒಂದು ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷಕಿಯಾಗಿ ಹೋಗಿದ್ದೆ. ಮಕ್ಕಳು ಜಾಣರು. ಎರಡು ಗುಣಗಳು ಮೊಮ್ಮಕ್ಕಳಲ್ಲಿ ಹಂಚಿಕೆಯಾಗುವ ಮೆಂಡೆಲನ ಲೆಕ್ಕ ಕೇಳಿದರೆ 9:3:3:1 ಅಂತ ಥಟ್ಟನೆ ಹೇಳಿದರು. ನೊಣವಿರುವ ಪುಟ್ಟ ಬಾಟಲಿ ಕೈಗಿಟ್ಟು ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂದರೆ ಮುಖ ಮುಖ ನೋಡಿಕೊಂಡರು. ಅವರು ನೊಣ ಕಂಡಿದ್ದೆಲ್ಲ ಪ್ರೊಜೆಕ್ಟರ್ ಪರದೆಯ ಮೇಲೆ. ತಪ್ಪು ಅವರದಲ್ಲ. ಅಟೆಂಡೆನ್ಸ್, ಇಂಟರ್ನಲ್ಸ್, ಅಸೈನ್‌ಮೆಂಟ್ ಅಂತ ಓಡುವವರಿಗೆ ಒಂದು ತಲೆಮಾರು ಹುಟ್ಟುವ ತನಕ ಕಾಯಲು ಯಾರು ಬಿಡುತ್ತಾರೆ ಹೇಳಿ? 25 ಡಿಗ್ರಿಯಲ್ಲಿ ಹತ್ತು ದಿನ ಸಾಕು. ಖರ್ಚು ಅಂದರೆ ರವೆ, ಬೆಲ್ಲ, ಹತ್ತಿ. ಇಷ್ಟು ಅಗ್ಗದ, ಇಷ್ಟು ಬೇಗ ಉತ್ತರ ಕೊಡುವ ಪ್ರಯೋಗ ಬೇರೆ ಯಾವುದಿದೆ?

ಮೇಷ್ಟ್ರ ಹೆಸರಲ್ಲಿ ಏನಾದರೂ ಮಾಡೋಣ ಅಂತ ನಮ್ಮ ಬ್ಯಾಚಿನವರು ಹಣ ಸೇರಿಸುತ್ತಿದ್ದಾರೆ. ಒಬ್ಬರು ಚಿನ್ನದ ಪದಕ ಅಂದರು, ಒಬ್ಬರು ಉಪನ್ಯಾಸ ಅಂದರು. ನಾನು ಮೈಕ್ರೋಸ್ಕೋಪ್ ಅಂದೆ, ಎಲ್ಲರೂ ಒಪ್ಪಿದರು. ಹತ್ತಿರದ ಡಿಗ್ರಿ ಕಾಲೇಜುಗಳ ಪೈಕಿ ಯಾರಿಗೆ ಬೇಕೋ ವಿಭಾಗಕ್ಕೆ ಬರೆದು ತಿಳಿಸಲಿ. ಬಿಳಿ ಕಣ್ಣಿನ ಗಂಡು, ಕೆಂಪು ಕಣ್ಣಿನ ಹೆಣ್ಣು ನಾನೇ ತಂದುಕೊಡುತ್ತೇನೆ. ಮೊದಲ ಸಲ ಮಕ್ಕಳ ಜೊತೆ ಕೂತು ಎಣಿಸಿಯೂ ಬರುತ್ತೇನೆ.